ಲೆಕ್ಕ ಕೇಳಿದವರ ಚರಿತ್ರೆ

ಗಣಿತದ ಚರಿತ್ರೆ ಅಂತ ಯಾವ ಪುಸ್ತಕ ತೆಗೆದರೂ ಅದರಲ್ಲಿರೋದು ಲೆಕ್ಕ ಬಿಡಿಸಿದವರ ಕಥೆ. ಆರ್ಯಭಟ ಹೀಗೆ ಬಿಡಿಸಿದ, ಭಾಸ್ಕರ ಹಾಗೆ ಬಿಡಿಸಿದ, ರಾಮಾನುಜನ್ ಯಾರಿಗೂ ಹೊಳೆಯದ್ದನ್ನು ಬಿಡಿಸಿದ. ಸರಿ. ಆದರೆ ಬಿಡಿಸಿದ ಒಬ್ಬನಿಗೆ ನೂರು ಜನರಾದರೂ 'ನಂಗೆ ಬರ್ತಿಲ್ಲ, ಸ್ವಲ್ಪ ಹೇಳ್ಕೊಡಿ' ಅಂತ ಕೇಳಿದವರು ಇದ್ದೇ ಇರುತ್ತಾರೆ. ಅವರ ಹೆಸರು ಎಲ್ಲೂ ಬರೋದಿಲ್ಲ. ನಾನು ಇಲ್ಲಿ ಬರೆಯೋಕೆ ಹೊರಟಿರೋದು ಅವರ ವಿಷಯ. ಲೆಕ್ಕ ಗೊತ್ತಾಗದಿದ್ದಾಗ ನಮ್ಮ ಕಡೆಯವರು ಯಾರನ್ನು ಕೇಳುತ್ತಿದ್ದರು, ಹೇಗೆ ಕೇಳುತ್ತಿದ್ದರು, ಕೇಳೋಕೆ ಯಾರಿಗೆ ಬಿಡುತ್ತಿದ್ದರು, ಯಾರಿಗೆ ಬಿಡುತ್ತಿರಲಿಲ್ಲ ಅನ್ನೋದು.

ನಮ್ಮ ಕಡೆ ಅಂದರೆ ನಂಜನಗೂಡು, ತಿರುಮಕೂಡಲು ನರಸೀಪುರದ ಸೀಮೆ. ಅದರ ನಡುವೆ ತಗಡೂರು. ಹಳಬರಿಗೆ ಆ ಹೆಸರು ಕೇಳಿದ ಕೂಡಲೇ ತಗಡೂರು ರಾಮಚಂದ್ರರಾಯರು, ಆಶ್ರಮ, ಖಾದಿ ನೆನಪಾಗುತ್ತೆ. ಈಗ ಅಲ್ಲಿ ಹತ್ತನೇ ಕ್ಲಾಸಿನ ಮಕ್ಕಳು ಗಣಿತದ ಪುಸ್ತಕದ ಮೇಲೆ ಅಪ್ಪನ ಮೊಬೈಲ್ ಹಿಡಿದು ಒಂದು ಫೋಟೋ ತೆಗೆಯುತ್ತಾರೆ. ಅರ್ಧ ನಿಮಿಷದಲ್ಲಿ ಉತ್ತರ ಬಂದು ಬೀಳುತ್ತೆ. ಇದನ್ನು ನೋಡಿ 'ಹಾಳಾಗಿ ಹೋಯ್ತು' ಅನ್ನುವವರೂ ಇದ್ದಾರೆ, 'ಎಂಥಾ ಕಾಲ ಬಂತು ನೋಡಿ' ಅಂತ ಕೈ ಮುಗಿಯುವವರೂ ಇದ್ದಾರೆ. ಎರಡನ್ನೂ ಹೇಳುವ ಮುಂಚೆ ಸ್ವಲ್ಪ ಹಿಂದೆ ಹೋಗಿ ಬರೋಣ.

ಸಾವಿರದ ನೂರಕ್ಕೂ ಹೆಚ್ಚು ವರ್ಷದ ಹಿಂದೆ, ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಅನ್ನುವ ಜೈನ ಪಂಡಿತ 'ಗಣಿತಸಾರಸಂಗ್ರಹ' ಬರೆದ. ಪುಸ್ತಕ ಸಂಸ್ಕೃತದ್ದು. ಅದರ ವಿಶೇಷ ಏನಪ್ಪಾ ಅಂದರೆ ಜ್ಯೋತಿಷ, ಗ್ರಹಗತಿ ಯಾವುದನ್ನೂ ಬೆರೆಸದೆ ಬರೀ ಗಣಿತಕ್ಕೇ ಮೀಸಲಾಗಿರುವುದು. ಅದರಲ್ಲಿ ಒಂದು ಲೆಕ್ಕ ಇದೆ. ನನ್ನ ಮಾತಿನಲ್ಲಿ ಹೇಳುತ್ತೇನೆ.

ಮೂರು ಜನ ವ್ಯಾಪಾರಿಗಳು ದಾರಿಯಲ್ಲಿ ಹೋಗುತ್ತಿದ್ದಾಗ ಒಂದು ಹಣದ ಚೀಲ ಬಿದ್ದಿರೋದು ಕಾಣುತ್ತೆ. ಮೊದಲನೆಯವನು, 'ಈ ಚೀಲ ನನಗೆ ಸಿಕ್ಕರೆ ನಿಮ್ಮಿಬ್ಬರ ಹಣ ಸೇರಿಸಿದರೂ ಅದರ ಎರಡರಷ್ಟು ನನ್ನ ಹತ್ತಿರ ಇರುತ್ತೆ' ಅಂತಾನೆ. ಎರಡನೆಯವನು, 'ನನಗೆ ಸಿಕ್ಕರೆ ನಿಮ್ಮಿಬ್ಬರ ಮೂರರಷ್ಟು' ಅಂತಾನೆ. ಮೂರನೆಯವನು, 'ನನಗಾದರೆ ಐದರಷ್ಟು' ಅಂತಾನೆ. ಹಾಗಾದರೆ ಚೀಲದಲ್ಲಿ ಎಷ್ಟಿತ್ತು? ಒಬ್ಬೊಬ್ಬರ ಕೈಯಲ್ಲಿ ಎಷ್ಟಿತ್ತು?

ಉತ್ತರ: ಚೀಲದಲ್ಲಿ 15, ಇವರ ಹತ್ತಿರ 1, 3, 5. ತಾಳೆ ನೋಡಿ. 1ಕ್ಕೆ 15 ಸೇರಿಸಿದರೆ 16, ಉಳಿದಿಬ್ಬರದು 8, ಎರಡರಷ್ಟು ಆಯಿತು. 3ಕ್ಕೆ 15 ಸೇರಿಸಿದರೆ 18, ಉಳಿದಿಬ್ಬರದು 6, ಮೂರರಷ್ಟು. 5ಕ್ಕೆ 15 ಸೇರಿಸಿದರೆ 20, ಉಳಿದಿಬ್ಬರದು 4, ಐದರಷ್ಟು. ಮೂರು ಸಮೀಕರಣ, ನಾಲ್ಕು ಅವ್ಯಕ್ತ. ಈಗಿನ ಮಕ್ಕಳು ಎಕ್ಸ್, ವೈ, ಝಡ್ ಅಂತ ಬರೆದುಕೊಂಡು ಒದ್ದಾಡುವ ಲೆಕ್ಕವೇ ಇದು. ನಾಲ್ಕನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಇನ್ನೊಂದು ಉತ್ತರ ಹುಟ್ಟುತ್ತೆ. 30, 2, 6, 10 ಇಟ್ಟು ನೋಡಿ, ಅದೂ ಸರಿಹೋಗುತ್ತೆ.

ಇಲ್ಲಿ ಲೆಕ್ಕಕ್ಕಿಂತ ಅದನ್ನು ಕೇಳಿರುವ ರೀತಿ ಗಮನಿಸಿ. ನಮ್ಮ ಹಳೆಯ ಗಣಿತದ ಪುಸ್ತಕಗಳು ಪಾಠ ಒಪ್ಪಿಸುವುದಿಲ್ಲ, ಎದುರಿಗೆ ಕೂತವನನ್ನು ಕರೆದು ಕೇಳುತ್ತವೆ. 'ಗಣಕನೇ, ಗೊತ್ತಿದ್ದರೆ ಹೇಳು' ಅನ್ನೋ ಧಾಟಿ. 1150ರಲ್ಲಿ ಭಾಸ್ಕರಾಚಾರ್ಯ ಬರೆದ 'ಲೀಲಾವತಿ'ಯಲ್ಲಂತೂ ಒಬ್ಬ ಹುಡುಗಿಯನ್ನೇ ಎದುರಿಗೆ ಕೂರಿಸಿಕೊಂಡು ಕೇಳಿದ ಹಾಗಿದೆ. ಈ ಭಾಸ್ಕರ ನಮ್ಮ ವಿಜಯಪುರದವನು ಅಂತ ನಾವು ಅಂತೀವಿ, ನಮ್ಮ ಕಡೆಯವನು ಅಂತ ಮಹಾರಾಷ್ಟ್ರದವರು ಅಂತಾರೆ. ಆ ಜಗಳ ಇರಲಿ. ಪುಸ್ತಕ ಓದುವವನು ಒಬ್ಬಂಟಿಯಲ್ಲ, ಹೇಳುವವರು ಒಬ್ಬರು, ಕೇಳುವವರು ಒಬ್ಬರು ಇರ್ತಾರೆ ಅನ್ನೋದು ಆ ಬರವಣಿಗೆಯಲ್ಲೇ ಸೇರಿಹೋಗಿತ್ತು. ಅಷ್ಟು ಹಿಡಿದುಕೊಳ್ಳಿ ಸಾಕು.

ಈ ಲೀಲಾವತಿಯಲ್ಲಿ ಇನ್ನೊಂದು ಲೆಕ್ಕ ಇದೆ. ಮುಂದೆ ಬೇಕಾಗುತ್ತೆ, ಮನಸ್ಸಿನಲ್ಲಿ ಇಟ್ಟುಕೊಂಡಿರಿ. ನೆಲದ ಮೇಲೆ ಎರಡು ಬಿದಿರು ನೆಟ್ಟಿದೆ. ಒಂದು 15 ಮೊಳ, ಇನ್ನೊಂದು 10 ಮೊಳ. ಒಂದರ ತುದಿಯಿಂದ ಇನ್ನೊಂದರ ಬುಡಕ್ಕೆ ಹುರಿ ಕಟ್ಟಿದೆ, ಅದರ ತುದಿಯಿಂದ ಇದರ ಬುಡಕ್ಕೂ ಕಟ್ಟಿದೆ. ಎರಡು ಹುರಿ ಅಡ್ಡ ಹಾಯುವ ಜಾಗ ನೆಲದಿಂದ ಎಷ್ಟು ಎತ್ತರ? ಕಂಬ ಮತ್ತು ಹುರಿಯ ಇಂಥ ಲೆಕ್ಕ ಭಾಸ್ಕರನಿಗಿಂತ ಮುನ್ನೂರು ವರ್ಷ ಹಿಂದಿನ ಮಹಾವೀರನಲ್ಲೂ ಉಂಟು.

ಇನ್ನು ಕನ್ನಡಕ್ಕೆ ಬರೋಣ. ಸಂಸ್ಕೃತ ಬಾರದವನು ಲೆಕ್ಕ ಎಲ್ಲಿ ಕೇಳಬೇಕು? ಇದಕ್ಕೆ ಹನ್ನೆರಡನೇ ಶತಮಾನದಲ್ಲೇ ಒಬ್ಬ ಉತ್ತರ ಕೊಟ್ಟಿದ್ದಾನೆ. ಅವನು ರಾಜಾದಿತ್ಯ, ಪೂವಿನಬಾಗೆಯವನು, ಹೊಯ್ಸಳ ವಿಷ್ಣುವರ್ಧನನ ಕಾಲದವನು. ವಿಷ್ಣುವರ್ಧನ ಅಂದ ಮೇಲೆ ನಮ್ಮ ಸೀಮೆಯ ಮಾತು ಬಂದೇ ಬರುತ್ತೆ. ನರಸೀಪುರ ತಾಲ್ಲೂಕಿನ ತಲಕಾಡನ್ನು ಚೋಳರಿಂದ ಗೆದ್ದುಕೊಂಡು ತಲಕಾಡುಗೊಂಡ ಅಂತ ಬಿರುದು ಹೊತ್ತವನು ಅವನೇ. ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ', 'ಚಿತ್ರಹಸುಗೆ' ಅಂತ ಒಂದರ ಹಿಂದೊಂದು ಪುಸ್ತಕ ಬರೆದ. ಎಲ್ಲ ಕನ್ನಡದಲ್ಲಿ. ಕನ್ನಡದಲ್ಲಿ ಗಣಿತ ಬರೆದ ಮೊದಲಿಗ ಅಂತ ಅವನನ್ನೇ ಹೆಸರಿಸುವುದು ರೂಢಿ. ಕನ್ನಡದಲ್ಲಿ ಗಣಿತ ಆಗೋದಿಲ್ಲ ಅನ್ನುವವರು ಈ ಹೆಸರನ್ನು ಒಂದು ಸಲ ಕೇಳಿಸಿಕೊಳ್ಳಬೇಕು. ಎಂಟುನೂರು ವರ್ಷದ ಹಿಂದೆಯೇ ಆಗಿತ್ತು ಸ್ವಾಮಿ.

ಹೆಸರುಗಳನ್ನೇ ನೋಡಿ. ವ್ಯವಹಾರ ಅಂದರೆ ಕೊಡೋದು ತಗೊಳ್ಳೋದು, ಕ್ಷೇತ್ರ ಅಂದರೆ ಹೊಲ. ಈ ಗಣಿತ ಹುಟ್ಟಿದ್ದು ಅಂಗಡಿಯಲ್ಲಿ, ಹೊಲದ ಬದುವಿನಲ್ಲಿ. ಮಹಾವೀರನೂ ಹೊಲದ ವಿಸ್ತೀರ್ಣಕ್ಕೆ ಎರಡು ಬಗೆಯ ಉತ್ತರ ಕೊಡುತ್ತಾನೆ. ಒಂದು ಸುಮಾರಾಗಿ ಕೆಲಸಕ್ಕೆ ಸಾಕಾಗುವ ವ್ಯಾವಹಾರಿಕ ಫಲ, ಇನ್ನೊಂದು ಕರಾರುವಾಕ್ಕಾದ ಸೂಕ್ಷ್ಮ ಫಲ. ನಾಲ್ಕು ಬದಿಯ ಹೊಲವಾದರೆ ಎದುರುಬದುರಿನ ಬದಿಗಳನ್ನು ಕೂಡಿ ಅರ್ಧ ಮಾಡಿ, ಬಂದ ಎರಡನ್ನೂ ಗುಣಿಸು ಅನ್ನೋದು ವ್ಯಾವಹಾರಿಕದ ದಾರಿ.

ಇದರಲ್ಲಿ ಏನು ತೊಂದರೆ? ನಮ್ಮ ಗುಂಟೆಯನ್ನೇ ತಗೊಳ್ಳಿ. 33 ಅಡಿಗೆ 33 ಅಡಿ ಚೌಕ ಒಂದು ಗುಂಟೆ, 1089 ಚದರ ಅಡಿ. ಅಂಥ 40 ಸೇರಿದರೆ ಒಂದು ಎಕರೆ. ಈಗ ಆ ಚೌಕದ ನಾಲ್ಕೂ ಬದಿ 33 ಅಡಿಯೇ ಇರಲಿ, ಆದರೆ ಮೂಲೆ ಮಾತ್ರ ವಾಲಿಸಿ, ಬಿದಿರಿನ ಚೌಕಟ್ಟನ್ನು ಪಕ್ಕಕ್ಕೆ ತಳ್ಳಿದ ಹಾಗೆ. ವ್ಯಾವಹಾರಿಕ ಲೆಕ್ಕ ಈಗಲೂ 1089 ಅಂತಲೇ ಹೇಳುತ್ತೆ. ನಿಜವಾದ ಜಾಗ ಕಮ್ಮಿಯಾಗಿರುತ್ತೆ. ಇನ್ನೂ ವಾಲಿಸುತ್ತಾ ಹೋದರೆ ಹೊಲವೇ ಮಾಯ, ಲೆಕ್ಕದಲ್ಲಿ ಮಾತ್ರ ಗುಂಟೆ ಗುಂಟೆಯಾಗೇ ಇರುತ್ತೆ! ಅಣ್ಣತಮ್ಮಂದಿರ ಪಾಲಿನಲ್ಲಿ ಸೊಟ್ಟ ಹೊಲ ಬಂದವನಿಗೆ ಇದು ತಮಾಷೆಯ ಮಾತಲ್ಲ. 'ಬದಿ ಅಷ್ಟೇ ಇದೆ, ಜಾಗ ಯಾಕೆ ಕಮ್ಮಿ?' ಅಂತ ಕೇಳೋಕೆ ಅವನಿಗೆ ಬರಬೇಕು. ನಮ್ಮಲ್ಲಿ 'ಲೆಕ್ಕ ಕೇಳು' ಅನ್ನೋ ಮಾತಿಗೆ ಎರಡು ಅರ್ಥ ಇರೋದು ಸುಮ್ಮನೆ ಅಲ್ಲ. ಲೆಕ್ಕ ಹೇಳಿಕೊಡು ಅಂತ ಕೇಳುವುದೂ ಅದೇ, ಲೆಕ್ಕ ಒಪ್ಪಿಸು ಅಂತ ಗದರುವುದೂ ಅದೇ. ಮೊದಲನೆಯದು ಬಾರದವನಿಗೆ ಎರಡನೆಯದು ಬರೋದಿಲ್ಲ.

ಹಾಗಾದರೆ ಯಾರಿಗೆ ಕೇಳೋ ಅವಕಾಶ ಇತ್ತು? ಹಳ್ಳಿಗಳ ಕೂಲಿಮಠದಲ್ಲಿ ಐಗಳು ಮರಳಿನ ಮೇಲೆ ಬೆರಳಿನಿಂದ ಬರೆಸಿ, ಮಗ್ಗಿ ಒಪ್ಪಿಸಿಕೊಂಡು, ಬಾಯಿಲೆಕ್ಕ ಕಲಿಸುತ್ತಿದ್ದರು. ಬರೀ ಎರಡರ ಮಗ್ಗಿ, ಮೂರರ ಮಗ್ಗಿ ಅಲ್ಲ. ಕಾಲು, ಅರೆ, ಮುಕ್ಕಾಲಿನ ಮಗ್ಗಿ. ಹದಿನಾರನೇ ಒಂದು ಪಾಲು ವೀಸ, ಅದರ ಅರ್ಧ ಅರೆವೀಸ, ಅವುಗಳ ಮಗ್ಗಿ. ಶಾನುಭೋಗರ ಮನೆಯಲ್ಲಿ ಕಡತ ಇರುತ್ತಿತ್ತು, ಕಪ್ಪು ಬಳಿದ ಬಟ್ಟೆಯನ್ನು ಮಡಿಸಿ ಮಾಡಿದ ಪುಸ್ತಕ, ಅದರ ಮೇಲೆ ಬಳಪದಲ್ಲಿ ಬರೆಯೋದು. ಈಗ ಆಫೀಸಿನಲ್ಲಿ ಫೈಲಿಗೆ ಕಡತ ಅನ್ನುತ್ತೇವಲ್ಲ, ಆ ಮಾತು ಬಂದದ್ದು ಅಲ್ಲಿಂದ. ಮಗ್ಗಿಯಲ್ಲಿ ಪಳಗಿದ ಆ ಕಾಲದ ಮಕ್ಕಳ ವೇಗ ನಮಗೆ ಬರೋದಿಲ್ಲ.

ಆದರೆ ಮಠದ ಜಗಲಿ ಹತ್ತೋಕೆ ಎಲ್ಲರಿಗೂ ಬಿಡುತ್ತಿರಲಿಲ್ಲ. ಊರಾಚೆಯ ಕೇರಿಯ ಮಕ್ಕಳಿಗೆ ಆ ಬಾಗಿಲು ಇರಲಿಲ್ಲ. ಹೆಣ್ಣುಮಕ್ಕಳು ಹೋಗುತ್ತಿದ್ದದ್ದು ಅಪರೂಪ. ಲೀಲಾವತಿಯನ್ನು ಕೂರಿಸಿಕೊಂಡು ಲೆಕ್ಕ ಕೇಳಿದ ನಾಡಿನಲ್ಲಿ ಸಾವಿರಾರು ಲೀಲಾವತಿಯರಿಗೆ ಪ್ರಶ್ನೆಯೇ ಬರಲಿಲ್ಲ. ಹೊಲ ಉಳುವವರು ಒಬ್ಬರು, ಹೊಲದ ಲೆಕ್ಕ ಗೊತ್ತಿರುವವರು ಇನ್ನೊಬ್ಬರು. ಹಳೇ ಕಾಲವೇ ಚೆನ್ನಾಗಿತ್ತು ಅನ್ನುವಾಗ ಈ ಮಾತನ್ನು ನುಂಗಬಾರದು. ಒಳಗೆ ಕೂತವನಿಗೂ ಕೇಳುವುದು ಸಲೀಸಾಗಿರಲಿಲ್ಲ. ಕೋಲು ಪಕ್ಕದಲ್ಲೇ ಇರುತ್ತಿತ್ತು.

ಮುಂದಿನ ದೊಡ್ಡ ಬದಲಾವಣೆ ಅಚ್ಚು ಮತ್ತು ಅಂಚೆಯದು. ಇಂಗ್ಲೆಂಡಿನಲ್ಲಿ 1704ರಿಂದ 'ಲೇಡೀಸ್ ಡೈರಿ' ಅನ್ನುವ ಪಂಚಾಂಗ ಬರುತ್ತಿತ್ತು. ಹೆಂಗಸರಿಗೆಂದು ತಂದದ್ದು. ಅದರಲ್ಲಿ ಓದುಗರು ಗಣಿತದ ಪ್ರಶ್ನೆ ಕೇಳೋದು, ಮುಂದಿನ ವರ್ಷದ ಸಂಚಿಕೆಯಲ್ಲಿ ಬೇರೆ ಓದುಗರ ಉತ್ತರ ಬರೋದು ನಡೆಯಿತು. ಒಂದು ಉತ್ತರಕ್ಕೆ ಒಂದು ವರ್ಷ! ಆಮೇಲೆ ಹತ್ತೊಂಬತ್ತನೇ ಶತಮಾನದಲ್ಲಿ ಲಂಡನ್ನಿನ 'ಎಜುಕೇಷನಲ್ ಟೈಮ್ಸ್' ಇಂಥ ಪ್ರಶ್ನೋತ್ತರಕ್ಕೆ ಹೆಸರಾಯಿತು. ಅದಕ್ಕೆ ನಮ್ಮ ದಕ್ಷಿಣದಿಂದ ಬರೆಯುತ್ತಿದ್ದವರಲ್ಲಿ ವಿ. ರಾಮಸ್ವಾಮಿ ಅಯ್ಯರ್ ಒಬ್ಬರು. ಮದ್ರಾಸ್ ಪ್ರಾಂತದಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದವರು. ಗಣಿತದ ಪುಸ್ತಕ, ಪತ್ರಿಕೆ ಯಾವುದೂ ಇಲ್ಲಿ ಕೈಗೆ ಸಿಗುವುದಿಲ್ಲ, ಎಲ್ಲರೂ ಸೇರಿ ತರಿಸಿಕೊಂಡು ಅಂಚೆಯಲ್ಲಿ ಹಂಚಿಕೊಳ್ಳೋಣ ಅಂತ 1907ರಲ್ಲಿ ಒಂದು ಸಂಘ ಕಟ್ಟಿದರು. ಅದೇ ಮುಂದೆ ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿ ಆಯಿತು. ಅದರ ಪತ್ರಿಕೆಯಲ್ಲೂ ಪ್ರಶ್ನೆಗಳಿಗೆ ಒಂದು ಜಾಗ ಇತ್ತು.

1911ರಲ್ಲಿ ಆ ಜಾಗದಲ್ಲಿ 289ನೇ ನಂಬರಿನ ಪ್ರಶ್ನೆ ಬಂತು. ಕೇಳಿದವರು ಶ್ರೀನಿವಾಸ ರಾಮಾನುಜನ್. ಆಗ ಅವರು ಕಾಲೇಜು ಪೂರೈಸದ, ಕೆಲಸವಿಲ್ಲದ ಹುಡುಗ. ಪ್ರಶ್ನೆ ಏನೆಂದರೆ, ಒಂದಕ್ಕೆ ಎರಡರಷ್ಟು ಒಂದು ವರ್ಗಮೂಲ ಸೇರಿಸಿ, ಆ ವರ್ಗಮೂಲದ ಒಳಗೆ ಒಂದಕ್ಕೆ ಮೂರರಷ್ಟು ಇನ್ನೊಂದು ವರ್ಗಮೂಲ, ಅದರೊಳಗೆ ಒಂದಕ್ಕೆ ನಾಲ್ಕರಷ್ಟು ಮತ್ತೊಂದು, ಹೀಗೆ ಕೊನೆಯೇ ಇಲ್ಲದೆ ಒಳಗೊಳಗೆ ಹೋಗುತ್ತೆ. ಅಷ್ಟರದ್ದೂ ವರ್ಗಮೂಲ ತೆಗೆದರೆ ಎಷ್ಟು? ಆರು ತಿಂಗಳು ಕಾದರು. ಮೂರು ಸಂಚಿಕೆ ಬಂದು ಹೋದವು. ಯಾರಿಂದಲೂ ಉತ್ತರ ಬರಲಿಲ್ಲ. ಕೊನೆಗೆ ಅವರೇ ಕೊಟ್ಟರು. ಉತ್ತರ 3.

ದಾರಿ ಹತ್ತನೇ ಕ್ಲಾಸಿನವರಿಗೂ ಗೊತ್ತಾಗುವಂಥದ್ದು. 3 ಅಂದರೆ 9ರ ವರ್ಗಮೂಲ. 9 ಅಂದರೆ 1 ಮತ್ತು 2 ಸಲ 4. ಆ 4 ಅಂದರೆ 16ರ ವರ್ಗಮೂಲ, 16 ಅಂದರೆ 1 ಮತ್ತು 3 ಸಲ 5. ಆ 5 ಅಂದರೆ 25ರ ವರ್ಗಮೂಲ, 25 ಅಂದರೆ 1 ಮತ್ತು 4 ಸಲ 6. ಹೀಗೇ ಬಿಚ್ಚುತ್ತಾ ಹೋದರೆ ಪ್ರಶ್ನೆ ತಾನಾಗೇ ಎದ್ದು ನಿಲ್ಲುತ್ತೆ. ಇದನ್ನು ಪಕ್ಕಾ ಸಾಧಿಸೋಕೆ ಇನ್ನಷ್ಟು ಮಾತು ಬೇಕು, ಆದರೆ ಗುಟ್ಟು ಇಷ್ಟೇ. ಆರು ತಿಂಗಳು ಉತ್ತರ ಬಾರದ ಆ ಪ್ರಶ್ನೆ ವ್ಯರ್ಥವಾಗಲಿಲ್ಲ ನೋಡಿ. ನೂರು ವರ್ಷ ದಾಟಿದರೂ ಮೇಷ್ಟ್ರುಗಳು ಅದನ್ನು ಕ್ಲಾಸಿನಲ್ಲಿ ಕೇಳುತ್ತಲೇ ಇದ್ದಾರೆ.

ಅಂಚೆಯಲ್ಲಿ ಕೇಳೋದರಲ್ಲಿ ಒಂದು ಒಳ್ಳೆಯದಿತ್ತು. ಕಾಗದ ಬರೆಯಬೇಕಾದರೆ ಲೆಕ್ಕವನ್ನು ಪೂರ್ತಿ ಬರೆಯಬೇಕು, ನಾನು ಇಲ್ಲಿಯವರೆಗೆ ಬಂದೆ, ಇಲ್ಲಿ ನಿಂತೆ ಅಂತ ಹೇಳಬೇಕು. ಅರ್ಧ ಸಲ ಹಾಗೆ ಬರೆಯುವಾಗಲೇ ಗಂಟು ಎಲ್ಲಿದೆ ಅಂತ ಗೊತ್ತಾಗಿಬಿಡುತ್ತೆ. ಗೊತ್ತಾಗದಿದ್ದರೂ ಉತ್ತರ ಬರುವವರೆಗೆ ಅದು ತಲೆಯಲ್ಲಿ ಕೊರೀತಾ ಇರುತ್ತೆ. ಕಾಯುವುದೂ ಒಂದು ಓದೇ.

ಕನ್ನಡದಲ್ಲೂ ಇಂಥ ಪ್ರಯತ್ನಗಳು ನಡೆದವು. ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ಸೇರಿ 1918ರಲ್ಲಿ 'ವಿಜ್ಞಾನ' ಅನ್ನುವ ಮಾಸಪತ್ರಿಕೆ ತಂದರು. ಎರಡು ವರ್ಷಕ್ಕೆ ನಿಂತುಹೋಯಿತು, ಆದರೆ ಕನ್ನಡದ ಪಾರಿಭಾಷಿಕ ಪದಗಳಿಗೆ ಅದು ಹಾಕಿದ ಬುನಾದಿ ನಿಂತಿತು. 1978ರಲ್ಲಿ ಶುರುವಾದ 'ಬಾಲ ವಿಜ್ಞಾನ' ಮಕ್ಕಳ ಕೈಗೇ ಬಂತು. ಮೈಸೂರಿನ ಜೆ.ಆರ್. ಲಕ್ಷ್ಮಣರಾಯರು ಅದರ ಸಂಪಾದಕರಾಗಿ ದುಡಿದವರು. ಕಷ್ಟದ ಲೆಕ್ಕಗಳಿಗೆ ಹೊಸ ಗೌರವ ಬಂದದ್ದು ಒಲಿಂಪಿಯಾಡ್‌ನಿಂದ. ಬೆಂಗಳೂರು ವಲಯದಲ್ಲಿ 1968ರಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ಎಲ್. ಭಟ್ನಾಗರ್ ಗಣಿತ ಒಲಿಂಪಿಯಾಡ್ ನಡೆಸಿದ್ದರು. 1989ರಿಂದ ಭಾರತದ ಮಕ್ಕಳು ಅಂತರರಾಷ್ಟ್ರೀಯ ಸ್ಪರ್ಧೆಗೆ ಹೋಗತೊಡಗಿದರು. ಆ ತಯಾರಿಯ ಮುಖ್ಯ ಮೇಷ್ಟ್ರುಗಳಲ್ಲಿ ಹಲವರು ಬೆಂಗಳೂರಿನಲ್ಲೇ ಇದ್ದರು. ಆದರೆ ಆ ಪುಸ್ತಕ, ಆ ತರಬೇತಿ ಹೆಚ್ಚಿನದೆಲ್ಲ ಇಂಗ್ಲಿಷಿನದು. ಮಹಾವೀರನ ಗಣಿತಸಾರಸಂಗ್ರಹವೂ ಹಾಗೇ. 1912ರಲ್ಲಿ ಮದ್ರಾಸಿನಲ್ಲಿ ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಗಣಿತದ ಪ್ರಾಧ್ಯಾಪಕಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂದದ್ದು 2000ದಲ್ಲಿ. ಮಧ್ಯೆ 88 ವರ್ಷ.

ಹಳ್ಳಿಯ ಹೈಸ್ಕೂಲಿನ ಮಕ್ಕಳಿಗೆ ಇದಾವುದೂ ಮುಟ್ಟದೆ ಇದ್ದಾಗ ಮುಟ್ಟಿದ್ದು ಗೈಡು. ನಮ್ಮ ಕಾಲದಲ್ಲಿ ಮೇಷ್ಟ್ರನ್ನು 'ಗೊತ್ತಾಗ್ಲಿಲ್ಲ ಸಾ' ಅಂತ ಎದ್ದು ನಿಂತು ಕೇಳಿದರೆ, 'ಇಷ್ಟೂ ಗೊತ್ತಿಲ್ವಾ? ಕೂತ್ಕೋ' ಅನ್ನೋ ಉತ್ತರ ಸಿಗುತ್ತಿತ್ತು. ಕ್ಲಾಸೆಲ್ಲ ನಗುತ್ತಿತ್ತು. ಒಂದು ಸಲ ನಕ್ಕರೆ ಆ ಮಗು ಎರಡನೇ ಸಲ ಕೈ ಎತ್ತೋದಿಲ್ಲ. ಅದರಲ್ಲೂ ಹೆಣ್ಣುಮಕ್ಕಳು. ಗೈಡು ನಗುವುದಿಲ್ಲ, ಬೈಯುವುದಿಲ್ಲ. ಅದಕ್ಕೇ ಅದು ಗೆದ್ದಿತು. ಪೈಥಾಗೊರಸ್ ಪ್ರಮೇಯ, ಥೇಲ್ಸ್ ಪ್ರಮೇಯ ಎಲ್ಲ ಅದರಲ್ಲಿ ಇರೋ ಹಾಗೇ ಬಾಯಿಪಾಠ. ಚಿತ್ರದಲ್ಲಿ ಎ, ಬಿ, ಸಿ ಬದಲು ಪಿ, ಕ್ಯೂ, ಆರ್ ಅಂತ ಕೊಟ್ಟರೆ ಮುಗೀತು ಕಥೆ. ಪಟ್ಟಣದ ಮಕ್ಕಳಿಗೆ ಮನೆಪಾಠ, ಹಳ್ಳಿಯವರಿಗೆ ಗೈಡು, ಪರೀಕ್ಷೆ ಹತ್ತಿರ ಬಂದ ಮೇಲೆ ಪಾಸಿಂಗ್ ಪ್ಯಾಕೇಜು.

ಈ ಹಿನ್ನೆಲೆಯಲ್ಲಿ ಫೋನ್ ಬಂತು. ಅದರ ಆರಂಭವೂ ಒಂದು ಮನೆಯ ಕಥೆಯೇ. 2004ರಲ್ಲಿ ಅಮೆರಿಕದ ಸಲ್ಮಾನ್ ಖಾನ್, ದೂರದ ಊರಿನಲ್ಲಿದ್ದ ತನ್ನ ಚಿಕ್ಕ ವಯಸ್ಸಿನ ಸಂಬಂಧಿ ಹುಡುಗಿಗೆ ಫೋನಿನಲ್ಲಿ ಲೆಕ್ಕ ಹೇಳಿಕೊಡತೊಡಗಿದ. ಬೇರೆ ನೆಂಟರ ಮಕ್ಕಳೂ ಕೇಳಿದರು. 2006ರಲ್ಲಿ ಪಾಠಗಳನ್ನು ಯೂಟ್ಯೂಬಿಗೆ ಹಾಕಿದ. ಅದೇ ಖಾನ್ ಅಕಾಡೆಮಿ. ಅಂದರೆ ಮೂಲದಲ್ಲಿ ಅದು ಒಂದು ಹುಡುಗಿ 'ಅಣ್ಣಾ, ಇದು ಬರ್ತಿಲ್ಲ' ಅಂತ ಕೇಳಿದ್ದರ ಫಲ. 2014ರಲ್ಲಿ ಫೋಟೋಮ್ಯಾತ್ ಬಂತು, ಕ್ಯಾಮೆರಾ ಹಿಡಿದರೆ ಸಮೀಕರಣ ಬಿಡಿಸಿ ಹೆಜ್ಜೆಹೆಜ್ಜೆಯಾಗಿ ತೋರಿಸುವ ಆ್ಯಪು. ನಮ್ಮ ದೇಶದ್ದೇ ಡೌಟ್‌ನಟ್ ಬಂತು, ಫೋಟೋ ಕಳಿಸಿದರೆ ವಿಡಿಯೋ ಉತ್ತರ. ಈಗ ಎಐ ಬಂದ ಮೇಲಂತೂ ಕೇಳೋದೇ ಬೇಡ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಇದೆಲ್ಲ ಹಳ್ಳಿಗೂ ಒಮ್ಮೆಲೇ ನುಗ್ಗಿತು. ಜುಲೈನಿಂದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ಟಿವಿ ಪಾಠ ಹೇಳುತ್ತೆ ನಿಜ, ಆದರೆ ಟಿವಿಯನ್ನು ಏನು ಕೇಳೋಕಾಗುತ್ತೆ? ಅದಕ್ಕೇ 'ವಿದ್ಯಾಗಮ' ಅಂತ ಮೇಷ್ಟ್ರುಗಳೇ ಊರೂರಿಗೆ ಹೋಗಿ ಮರದಡಿ, ದೇವಸ್ಥಾನದ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡರು. 2021ರ ಜುಲೈನಲ್ಲಿ ಎಸ್ಸೆಸ್ಸೆಲ್ಸಿಯ ಗಣಿತ, ವಿಜ್ಞಾನ, ಸಮಾಜ ಮೂರನ್ನೂ ಒಂದೇ ದಿನ, ವಿಷಯಕ್ಕೆ 40 ಬಹು ಆಯ್ಕೆ ಪ್ರಶ್ನೆಯಂತೆ ಮುಗಿಸಿದರು. ಆ ಹೊತ್ತಿಗೆ ಬೇರೆ ದಾರಿ ಇರಲಿಲ್ಲ. ಆದರೆ ಹೇಗೆ ಬಂತು ಅಂತ ಬರೆಯೋಕೆ ಆ ಪರೀಕ್ಷೆಯಲ್ಲಿ ಜಾಗವಿರಲಿಲ್ಲ, ಎಷ್ಟು ಬಂತು ಅಷ್ಟೇ.

ಅದೇ 2020ರಲ್ಲಿ ಆಫ್ರಿಕಾದ ಬೋಟ್ಸ್ವಾನಾದಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಮನೆಗಳಿಗೆ ವಾರವಾರ ಲೆಕ್ಕದ ಮೆಸೇಜು ಮಾತ್ರ ಕಳಿಸಿದರು. ಇನ್ನು ಕೆಲವು ಮನೆಗಳಿಗೆ ಮೆಸೇಜಿನ ಜೊತೆಗೆ ವಾರಕ್ಕೊಮ್ಮೆ ಸುಮಾರು 20 ನಿಮಿಷ ಮೇಷ್ಟ್ರು ಫೋನ್ ಮಾಡಿ ಮಗುವಿನ ಜೊತೆ ಮಾತಾಡಿದರು. ಸ್ಮಾರ್ಟ್ ಫೋನೂ ಬೇಡ, ಇಂಟರ್‌ನೆಟ್ಟೂ ಬೇಡ. ಫೋನಿನಲ್ಲಿ ಮಾತಾಡಿಸಿದ ಮಕ್ಕಳು ಕಲಿತರು, ಬರೀ ಮೆಸೇಜಿನಿಂದ ಅಷ್ಟು ಆಗಲಿಲ್ಲ. ಆ ದಾರಿಯನ್ನೇ ನಮ್ಮ ಕರ್ನಾಟಕದ ಸರ್ಕಾರಿ ಶಾಲೆಗಳೂ 'ಗಣಿತ ಗಣಕ' ಅನ್ನುವ ಹೆಸರಿನಲ್ಲಿ ಹಿಡಿದಿವೆ. 3ರಿಂದ 5ನೇ ಕ್ಲಾಸಿನ ಮಕ್ಕಳಿಗೆ ಮೇಷ್ಟ್ರೇ ಮನೆಗೆ ಫೋನ್ ಮಾಡಿ ಲೆಕ್ಕ ಹೇಳಿಕೊಡುವುದು. ಫೋನು ಕೆಟ್ಟದ್ದಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆ ಕಡೆ ಕೇಳಿಸಿಕೊಳ್ಳುವವರು ಇದ್ದಾರಾ ಅನ್ನೋದು ಮುಖ್ಯ.

ಈಗ ಬಿದಿರಿನ ಲೆಕ್ಕಕ್ಕೆ ವಾಪಸ್ ಬರೋಣ. ನನ್ನ ಅಕ್ಕನ ಮಗಳು ಆ ಕಡೆಯ ಹೈಸ್ಕೂಲಿನಲ್ಲಿ ಕನ್ನಡ ಮೀಡಿಯಂ ಹತ್ತನೇ ಕ್ಲಾಸು. ತ್ರಿಭುಜಗಳ ಪಾಠ ಮುಗಿದ ಮೇಲೆ ಮೇಷ್ಟ್ರು ಕೊಟ್ಟ ಕಷ್ಟದ ಲೆಕ್ಕ ಅಂತ ವಾಟ್ಸಪ್ಪಿನಲ್ಲಿ ನನಗೊಂದು ಫೋಟೋ ಕಳಿಸಿದಳು. ನೋಡಿದರೆ ಅದೇ ಎರಡು ಕಂಬ, ಅದೇ ಎರಡು ಹುರಿ! ಎಂಟುನೂರು ಚಿಲ್ಲರೆ ವರ್ಷ ನಡೆದು ನಮ್ಮ ಮನೆಗೆ ಬಂದಿತ್ತು. ಆ್ಯಪಿನಲ್ಲಿ ಅವಳು ಆಗಲೇ ಉತ್ತರ ತೆಗೆದಾಗಿತ್ತು. ಎರಡು ಎತ್ತರದ ಗುಣಲಬ್ಧವನ್ನು ಮೊತ್ತದಿಂದ ಭಾಗಿಸು. 15 ಸಲ 10 ಅಂದರೆ 150, ಭಾಗಿಸು 25, ಉತ್ತರ 6. ಹೆಜ್ಜೆಗಳೂ ಇದ್ದವು, ಇಂಗ್ಲಿಷಿನಲ್ಲಿ.

'ಉತ್ತರ ಸಿಕ್ಕಿದೆಯಲ್ಲಮ್ಮಾ, ಮತ್ತೇನು?' ಅಂತ ಫೋನ್ ಮಾಡಿ ಕೇಳಿದೆ.

'ಸಿಕ್ತು ಮಾವ, ಆದ್ರೆ ಪ್ರಶ್ನೇನೇ ತಪ್ಪು ಅನ್ಸುತ್ತೆ. ಕಂಬದ ಮಧ್ಯೆ ದೂರ ಎಷ್ಟು ಅಂತ ಕೊಟ್ಟೇ ಇಲ್ಲವಲ್ಲ!'

ಎಂಥಾ ಒಳ್ಳೇ ಅನುಮಾನ ನೋಡಿ. ಕಂಬ ಹತ್ತಿರ ಇದ್ದರೂ ಅಷ್ಟೇ, ಊರಾಚೆ ಇದ್ದರೂ ಅಷ್ಟೇ ಅಂದರೆ ಯಾರು ನಂಬುತ್ತಾರೆ? ಆ ಲೆಕ್ಕದ ಜೀವವೇ ಅಲ್ಲಿದೆ. ಆದರೆ ಫೋಟೋದಲ್ಲಿ ಪುಸ್ತಕದ ಪ್ರಶ್ನೆ ಬರುತ್ತೆ, ಅವಳ ಪ್ರಶ್ನೆ ಬರೋದಿಲ್ಲ. ಕ್ಯಾಮೆರಾಕ್ಕೆ ಅದು ಕಾಣುವುದಿಲ್ಲ.

ನಾನು ಹೇಳಿದ್ದು ಇಷ್ಟೇ. ಕಂಬಗಳ ನಡುವೆ 10 ಮೊಳ ಇಟ್ಟು ಒಂದು ಚಿತ್ರ ಬರಿ, 20 ಮೊಳ ಇಟ್ಟು ಇನ್ನೊಂದು ಬರಿ. ಹುರಿ ಎಲ್ಲಿ ಸೇರುತ್ತೆ ಅಳೆದು ನೋಡು. ಅವಳು ಸ್ಕೇಲು ಹಿಡಿದು ಕೂತಳು. ಮೊದಲನೆಯದರಲ್ಲಿ ದೊಡ್ಡ ಕಂಬದಿಂದ 6 ಮೊಳ ದೂರ, ಎರಡನೆಯದರಲ್ಲಿ 12 ಮೊಳ ದೂರ. ಎತ್ತರ ಮಾತ್ರ ಎರಡರಲ್ಲೂ 6. 'ಮಾವ, ಯಾವಾಗ್ಲೂ ಐದು ಪಾಲಲ್ಲಿ ಮೂರು ಪಾಲು ದೂರದಲ್ಲೇ ಸೇರ್ತಿದೆ' ಅಂದಳು. ಹೌದು, 15ಕ್ಕೂ 10ಕ್ಕೂ ಇರೋ ಸಂಬಂಧವೇ 3ಕ್ಕೆ 2. ಸಮರೂಪ ತ್ರಿಭುಜ ಅಂತ ಪಾಠದಲ್ಲಿ ಓದಿದ್ದೂ ಅದೇ. ದೊಡ್ಡ ಕಂಬದ ತುದಿಯಿಂದ ಇಳಿಯುವ ಹುರಿ ಐದರಲ್ಲಿ ಮೂರು ಪಾಲು ದಾರಿ ನಡೆದರೆ ಎತ್ತರವನ್ನೂ ಐದರಲ್ಲಿ ಮೂರು ಪಾಲು ಕಳೆದುಕೊಂಡಿರುತ್ತೆ. ಉಳಿಯೋದು 15ರ ಐದರಲ್ಲಿ ಎರಡು, ಅಂದರೆ 6. ಪಾಲಿಗೆ ದೂರದ ಗೊಡವೆ ಇಲ್ಲ. ದೂರ ಎಷ್ಟೇ ಇರಲಿ, ಪಾಲು ಅಷ್ಟೇ. ಇದನ್ನು ಅವಳೇ ಕನ್ನಡದಲ್ಲಿ, ನೋಟ್‌ಬುಕ್ಕಿನ ಅರ್ಧ ಪುಟದಲ್ಲಿ ಬರೆದು ಮತ್ತೆ ಫೋಟೋ ಕಳಿಸಿದಳು. ಈ ಸಲದ ಫೋಟೋ ಅವಳದ್ದು.

ಹಾಗಂತ ಆ್ಯಪನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಕೂಲಿಮಠದ ಬಾಗಿಲು ಮುಚ್ಚಿಸಿಕೊಂಡವರ ಮೊಮ್ಮಕ್ಕಳು, ಕ್ಲಾಸಿನಲ್ಲಿ ನಗೆಪಾಟಲಾಗಿ ಕೂತವರ ಮಕ್ಕಳು ಈಗ ಯಾರ ಹಂಗೂ ಇಲ್ಲದೆ ರಾತ್ರಿ ಹತ್ತು ಗಂಟೆಗೆ ಲೆಕ್ಕ ಕೇಳುತ್ತಾರೆ. ಇದು ಸಣ್ಣ ಮಾತಲ್ಲ. ನಾಚಿಕೆ ಹೋಯಿತು, ಒಳ್ಳೆಯದೇ. ಆದರೆ ನಾಚಿಕೆಯ ಜೊತೆಗೆ ಇನ್ನೊಂದು ಕೂಡ ಸದ್ದಿಲ್ಲದೆ ಹೋಗುತ್ತಿದೆ. ಮರಳಿನ ಮೇಲೆ ಬರೆದವನು, ಅಂಚೆಗೆ ಕಾಗದ ಹಾಕಿದವನು, ಪತ್ರಿಕೆಗೆ ಪ್ರಶ್ನೆ ಕಳಿಸಿದವನು, ಇವರೆಲ್ಲ ಕೇಳುವ ಮುಂಚೆ ತಮ್ಮ ಗಂಟು ಎಲ್ಲಿದೆ ಅಂತ ಹುಡುಕಲೇಬೇಕಿತ್ತು. ಫೋಟೋ ತೆಗೆಯುವವರಿಗೆ ಆ ಕಷ್ಟ ಇಲ್ಲ. ಅದರ ಜೊತೆಗೆ ಕನ್ನಡದ ಮಗು ತನ್ನ ಅನುಮಾನವನ್ನು ತನ್ನ ಮಾತಿನಲ್ಲಿ ಕೇಳುವ ರೂಢಿಯೂ ಹೋದರೆ, ರಾಜಾದಿತ್ಯ ಅಷ್ಟು ಹಿಂದೆ ತೆರೆದ ಬಾಗಿಲನ್ನು ನಾವೇ ಎಳೆದುಕೊಂಡ ಹಾಗೆ.

ಇದಕ್ಕೆ ದೊಡ್ಡ ಯೋಜನೆ ಏನೂ ಬೇಡ. ನಿಮ್ಮ ಮನೆಯ ಮಗುವೋ ಪಕ್ಕದ ಮನೆಯದೋ ಲೆಕ್ಕದ ಫೋಟೋ ಕಳಿಸಿದರೆ ಉತ್ತರ ಕಳಿಸೋಕೆ ಮುಂಚೆ, 'ಎಲ್ಲೀವರೆಗೆ ಬಂತು, ಎಲ್ಲಿ ನಿಂತೆ?' ಅಂತ ಒಂದು ಸಾಲು ಕೇಳಿ. ನಿಮಗೆ ಗಣಿತ ಬಾರದಿದ್ದರೂ ಪರವಾಗಿಲ್ಲ, ಈ ಪ್ರಶ್ನೆಗೆ ಗಣಿತ ಬರಬೇಕಾಗಿಲ್ಲ. ಎರಡು ದಬ್ಬೆ, ಎರಡು ಹುರಿ ಮನೆಯಲ್ಲಿದ್ದರೆ ಅಂಗಳದಲ್ಲಿ ನೆಟ್ಟು ನೀವೂ ಅಳೆದು ನೋಡಿ. ದಬ್ಬೆಯನ್ನು ಎಷ್ಟು ದೂರ ಬೇಕಾದರೂ ಸರಿಸಿ, ಹುರಿ ಸೇರುವ ಎತ್ತರ ಒಂದು ಬೆರಳೂ ಕದಲುವುದಿಲ್ಲ.